ಹದಿನೇಳು ಸೆಕೆಂಡು

ಕಾಲೇಜಿನಲ್ಲಿ ಎಲ್ಲರೂ ಅವನನ್ನು ಗುಂಡಣ್ಣ ಎನ್ನುತ್ತಿದ್ದರು. ಮೈ ದುಂಡಗಿತ್ತು ಅಂತಲ್ಲ, ಆಳು ಒಣಕಡ್ಡಿ. ಭೌತಶಾಸ್ತ್ರದ ಲ್ಯಾಬಿನಲ್ಲಿ ಸಾಸಿವೆ ಕಾಳಿನಷ್ಟಿರುವ ಉಕ್ಕಿನ ಗುಂಡುಗಳನ್ನು ಎಣಿಸಿ ಕೊಡುವುದು, ಎಣಿಸಿ ವಾಪಸು ಪಡೆಯುವುದು ಅವನ ಕೆಲಸ. ಒಂಬತ್ತನೇ ತರಗತಿಗೇ ಶಾಲೆಗೊಂದು ನಮಸ್ಕಾರ ಹಾಕಿ ಬಂದವನು ಆರು ವರ್ಷದಿಂದ ಅಲ್ಲಿ ಅಟೆಂಡರ್.

ಅವನ ತಂಗಿ ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಹೋದ ಸಲ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಜ್ವರ ಬಂದು ಫೇಲಾಗಿದ್ದಳು. ಎರಡನೇ ಸಲವೂ ಹೋದರೆ ಹೆಸರು ಹೊಡೆದುಹಾಕುವುದು ಅಲ್ಲಿನ ನಿಯಮ. ಮನೆಯಲ್ಲಿ ಒಬ್ಬ ಅರ್ಧಂಬರ್ಧ ಓದಿದವನಿರುವುದೇ ಸಾಕು ಎಂದು ಅವನು ಹಲ್ಲು ಕಚ್ಚಿ ಕೂತಿದ್ದ. ಯಾವ ಪ್ರಯೋಗ ಯಾರಿಗೆ ಎಂಬುದು ಚೀಟಿ ಎತ್ತಿದ ಮೇಲೇ ತಿಳಿಯುವುದು. ಹಾಗಾಗಿ ಹನ್ನೆರಡು ಪ್ರಯೋಗಗಳನ್ನೂ ಅವಳಿಗೇ ಎಂಬಂತೆ ಸಜ್ಜು ಮಾಡಿದ.

ಅದರಲ್ಲೊಂದು ಸ್ನಿಗ್ಧತೆಯದು. ಉದ್ದನೆಯ ಗಾಜಿನ ಜಾಡಿಯ ತುಂಬ ಹರಳೆಣ್ಣೆ. ಅದರೊಳಕ್ಕೆ ಗುಂಡು ಬಿಟ್ಟು, ಮೇಲಿನ ಕೆಂಪು ಗೆರೆಯಿಂದ ಕೆಳಗಿನದಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು. ಎಣ್ಣೆ ಮಂದವಾದಷ್ಟೂ ಗುಂಡು ನಿಧಾನ. ಆ ಜಾಡಿಯಲ್ಲಿ ಹದಿನೇಳು ಸೆಕೆಂಡು ಎಂಬುದು ಹುಡುಗರ ಪಾಯಿಖಾನೆಯ ಗೋಡೆಗೂ ಗೊತ್ತಿತ್ತು. ಗುಂಡು ತಳ ಮುಟ್ಟುವ ಮೊದಲೇ ಹಾಳೆಯಲ್ಲಿ ಹದಿನೇಳು ಬಿದ್ದಿರುತ್ತಿತ್ತು.

ಬೆಳಿಗ್ಗೆ ದಾರಿಯಲ್ಲಿ ತಂಗಿ ಕೇಳಿದ್ದಳು, "ಅಣ್ಣಾ, ನಂಗೂ ಎಣ್ಣೇದೇ ಬಂದ್ರೆ ಹದಿನೇಳು ಅಂತ ಗೀಚಿಬಿಡ್ಲಾ?"

"ಬಾಯಿ ಮುಚ್ಕೊಂಡು ನಡಿ. ಕಣ್ಣಿಗೆ ಕಂಡಿದ್ದು ಬರಿ. ಸುಳ್ಳು ಬರಿಯೋದಾದ್ರೆ ನಾನೇ ಪಾಸಾಗ್ತಿದ್ದೆ, ನೀನ್ಯಾಕೆ ಬೇಕಿತ್ತು?"

"ಒಂಬತ್ತನೇ ಕ್ಲಾಸು ದಾಟದೋನು ಹೇಳ್ತಿದಾನೆ, ಕೇಳ್ರಪ್ಪಾ!" ಎಂದು ನಕ್ಕಳು. ಅವನೂ ನಕ್ಕ.

ಲ್ಯಾಬಿನ ಬಾಗಿಲು ತೆರೆದು ನೋಡಿದರೆ ಜಾಡಿಯ ತುಂಬ ಗುಳ್ಳೆ. ಹಿಂದಿನ ಸಂಜೆ ಅವನೇ ಹೊಸ ಎಣ್ಣೆ ಸುರಿದಿದ್ದ. ಗುಳ್ಳೆ ಗುಂಡಿಗೆ ಅಂಟಿಕೊಂಡರೆ ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತದೆ. ಬಕೆಟ್ಟಿನ ಬಿಸಿನೀರಿನಲ್ಲಿ ಜಾಡಿ ನಿಲ್ಲಿಸಿದ. ಒಂದೊಂದೇ ಗುಳ್ಳೆ ಮೇಲೆ ಬಂದು ಒಡೆಯಿತು. ಆಮೇಲೆ ತಣ್ಣೀರಿನಲ್ಲಿ ನಿಲ್ಲಿಸಿ, ಹೊರಗೆ ತೆಗೆದು ಒರೆಸಿ, ಗಾಜಿಗೆ ಕೆನ್ನೆ ತಾಗಿಸಿ ನೋಡಿದ. ತಣ್ಣಗಿತ್ತು. ಗಾಜು ತಣ್ಣಗಿತ್ತು, ಒಳಗಿನ ಎಣ್ಣೆ ಅವನ ಕೆನ್ನೆಗೇನೂ ಹೇಳಲಿಲ್ಲ.

ಚೀಟಿ ಎತ್ತಿದಾಗ ತಂಗಿಗೂ ಕನ್ನಡಕದ ಹುಡುಗನೊಬ್ಬನಿಗೂ ಅದೇ ಜಾಡಿ ಬಂತು. ಮೊದಲು ಅವಳು ಅಳೆದಳು. ಮೊದಲ ಗುಂಡು ಒಂಬತ್ತು ಸೆಕೆಂಡಿಗೆ ಇಳಿಯಿತು. ಅವಳು ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವನು ಬಾಗಿಲ ಬಳಿಯಿಂದಲೇ ಕಣ್ಣಲ್ಲಿ 'ಬರಿ' ಎಂದ. ಎರಡನೆಯದು ಒಂಬತ್ತೂವರೆ. ಮೂರನೆಯದು ಹತ್ತು. ಹೀಗೇ ಏರುತ್ತ ಹನ್ನೊಂದೂವರೆ. ಅಷ್ಟನ್ನೂ ಬರೆದಳು. ಅವಳಾದ ಮೇಲೆ ಕನ್ನಡಕದ ಹುಡುಗ ಸ್ಟಾಪ್‌ವಾಚಿನ ಗುಂಡಿ ಸುಮ್ಮನೆ ಒತ್ತುತ್ತ, ಕಿಟಕಿಯಾಚೆ ನೋಡುತ್ತ, ಐದು ಸಲ ಹದಿನೇಳರ ಆಸುಪಾಸು ಬರೆದು ಮುಗಿಸಿದ.

ಪರೀಕ್ಷೆಯ ಮೂರನೇ ಗಂಟೆಯಲ್ಲಿ ಹೊರಗಿನ ಪರೀಕ್ಷಕರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟರು.

"ಒಂದೇ ಜಾಡಿ, ಎರಡು ಉತ್ತರ. ಏನಮ್ಮಾ ಇದು? ಒಂದು ಗುಂಡು ಇಳಿದಂಗೆ ಇನ್ನೊಂದು ಇಳಿದಿಲ್ಲ. ಬಾಯಿಗೆ ಬಂದದ್ದು ಬರ್ದಿದೀಯಾ?"

"ಕಂಡಿದ್ದೇ ಬರ್ದಿದೀನಿ, ಸರ್."

"ಮತ್ತೆ ಈ ಹುಡುಗನ ಕಣ್ಣೇನು ಕುರುಡಾ?"

ಗುಂಡಣ್ಣನಿಗೆ ತಡೆಯಲಾಗಲಿಲ್ಲ. "ಸರ್, ಎಣ್ಣೆ ಬಿಸಿ ಇತ್ತು. ನಾನೇ ಬೆಳಿಗ್ಗೆ ಬಿಸಿನೀರಲ್ಲಿಟ್ಟಿದ್ದೆ. ಆರ್ತಾ ಆರ್ತಾ ಗುಂಡು ನಿಧಾನ ಆಗಿದೆ, ಅವಳ ಹಾಳೇಲೇ ಇದೆ ನೋಡಿ!"

ಪರೀಕ್ಷಕರು ಹಾಳೆ ನೋಡಿದರು. "ಉಷ್ಣತೆ ಇಪ್ಪತ್ತೈದು ಅಂತ ಅವಳೇ ಬರ್ದಿದಾಳಲ್ಲಯ್ಯಾ."

"ಅದು ಗೋಡೆ ಮೇಲಿನ ಥರ್ಮಾಮೀಟರಿಂದು, ಸರ್."

"ಗೋಡೇದು ಯಾಕಪ್ಪಾ ಬರೀಬೇಕು? ಅಳೆಯೋದು ಎಣ್ಣೆನೋ, ಗೋಡೆನೋ?"

ಗುಂಡಣ್ಣ ಗೋಡೆಯತ್ತ ತಿರುಗಿದ. ಥರ್ಮಾಮೀಟರನ್ನು ಗೋಡೆಯ ಮೊಳೆಗೆ ನೇತುಹಾಕಿದವನು ಅವನೇ. ಮೊದಲೆಲ್ಲ ಅದು ಎಣ್ಣೆಯಲ್ಲೇ ಇರುತ್ತಿತ್ತು. ಪ್ರತಿ ಸಲ ಜಿಡ್ಡು ತೊಳೆದು ತೊಳೆದು ಬೇಸತ್ತು, ನಾಲ್ಕು ವರ್ಷದ ಕೆಳಗೆ, "ಇಲ್ಲೇ ನೋಡ್ಕೊಳ್ಳಿ, ಎಲ್ಲಾ ಒಂದೇ. ನಿಮ್ಮಪ್ಪ ಬಂದು ತೊಳೀತಾನಾ?" ಎಂದು ಹುಡುಗರನ್ನು ಗದರಿದ್ದ. ಅಂದಿನಿಂದ ಎಲ್ಲರೂ ಗೋಡೆಯನ್ನೇ ಓದುತ್ತಿದ್ದರು. ಲ್ಯಾಬಿನ ಮೇಷ್ಟ್ರು ಕೂಡ. ತಂಗಿಯೂ ಎರಡು ವರ್ಷದಿಂದ ಹಾಗೇ ಕಲಿತಿದ್ದಳು.

ಆ ಮೇಷ್ಟ್ರು ಈಗ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಅಂದರು, "ಅವಳು ಇವನ ತಂಗಿ, ಸರ್."

"ಓಹೋ!" ಎಂದರು ಪರೀಕ್ಷಕರು. ಆ ಒಂದು ಓಹೋದಲ್ಲಿ ಅವನು ಆಡಿದ ಮಾತೆಲ್ಲ ಸುಳ್ಳಾಗಿಹೋಯಿತು.

ಅವನು ಮೊಳೆಯಿಂದ ಥರ್ಮಾಮೀಟರ್ ಕಿತ್ತು ಎಣ್ಣೆಗಿಳಿಸಿದ. ಎಲ್ಲರೂ ಬಗ್ಗಿ ನೋಡಿದರು. ಇಪ್ಪತ್ತೈದು. ಪರೀಕ್ಷಕರು ತಾವೇ ಒಂದು ಗುಂಡು ಬಿಟ್ಟರು. ಎರಡು ಗಂಟೆ ಮೊದಲು ಒಂಬತ್ತು ಸೆಕೆಂಡಿಗೆ ಓಡಿದ್ದ ಆ ಬೇವರ್ಸಿ ಗುಂಡು ಈಗ ಮೆಲ್ಲಗೆ, ಯಾರದೋ ಮನೆಗೆ ಹೆಣ್ಣು ನೋಡಲು ಹೊರಟಂತೆ, ಗಾಂಭೀರ್ಯದಿಂದ ಇಳಿಯಿತು.

"ಹದಿನೇಳು," ಎಂದರು ಪರೀಕ್ಷಕರು. ತಂಗಿಯ ಹಾಳೆಯ ಮೇಲೆ ಕೆಂಪು ಗೀಟು ಎಳೆದರು. ಕನ್ನಡಕದ ಹುಡುಗ ಪಾಸಾದ.

ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಅವನಿಗೆ ಬೈಯಲಿಕ್ಕಾದರೂ ಆಗುತ್ತಿತ್ತು.

"ಹದಿನೇಳು ಅಂತ ಗೀಚಿದ್ರೆ ಆಗ್ತಿತ್ತು ಅಲ್ವಾ, ಅಣ್ಣಾ?"

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅವನು ಅಯಸ್ಕಾಂತವನ್ನು ಗಾಜಿಗೆ ಒತ್ತಿ ತಳದ ಗುಂಡುಗಳನ್ನು ಒಂದೊಂದಾಗಿ ಮೇಲೆಳೆದ, ಎಣಿಸಿದ, ಡಬ್ಬಿಗೆ ಹಾಕಿದ. ಎಲ್ಲವೂ ಇದ್ದವು. ಆಮೇಲೆ ಥರ್ಮಾಮೀಟರನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ ತೊಳೆದು, ಬಟ್ಟೆಯಲ್ಲಿ ಒರೆಸಿದ. ಜಿಡ್ಡೆಲ್ಲ ಹೋಯಿತು.

ಎರಡು ನಿಮಿಷವೂ ಹಿಡಿಯಲಿಲ್ಲ.