ಚಿಲುಮೆಯಾಚೆಯ ಗಡಿಮರ

ಗ್ರಾಬೊವ್‌ದೊಲ್ ಊರಿನ ನಲ್ಲಿಗಳಿಗೆಲ್ಲ ಗುಡ್ಡದ ಮೇಲಿನ ಒಂದೇ ಚಿಲುಮೆಯ ನೀರು. ಆ ಚಿಲುಮೆ ತಮ್ಮ ಜಾಗದೊಳಗಿದೆ ಎಂದು ಕಲ್ಲುಗಣಿಯವರು ಕೆಂಪು ಗೂಟ ಹೊಡೆದಿದ್ದರು. ಊರಿನ ನಕ್ಷೆ ಯುದ್ಧದಲ್ಲಿ ಸುಟ್ಟುಹೋಗಿತ್ತು. ಉಳಿದದ್ದು ಚಿಲುಮೆಯ ಆಚೆ ನಿಂತ ಗಡಿಮರ ಮಾತ್ರ.

ಹರಕೆಯ ದಿನ ಮೆರವಣಿಗೆ ಊರಿನ ಗಡಿ ಸುತ್ತುತ್ತದೆ. ಗಡಿಯ ಓಕ್ ಮರಗಳ ಮುಂದೆ ನಿಲ್ಲುತ್ತದೆ. ಪ್ರತಿ ಮರದಲ್ಲೂ ಒಂದು ಶಿಲುಬೆ ಕೆತ್ತಿ, ನಡುವೆ ತೂತು ಕೊರೆದು, ಧೂಪ ತುಂಬಿ, ಮೇಣದಿಂದ ಮುಚ್ಚಿರುತ್ತಾರೆ. ಆದರೆ ಐವತ್ತು ವರ್ಷಗಳ ಹಿಂದೆ ಒಬ್ಬ ಪಾದ್ರಿ ಮಂಡಿನೋವೆಂದು ಗುಡ್ಡ ಹತ್ತುವುದನ್ನು ಬಿಟ್ಟುಬಿಟ್ಟ. ಆಮೇಲೆ ಮೆರವಣಿಗೆ ಅತ್ತ ಹತ್ತಲೇ ಇಲ್ಲ.

ಇಂದು ಗಡಿ ಗೊತ್ತುಮಾಡಲು ಸರ್ವೆಯ ಸ್ರೆಟೆನ್ ಬಂದಿದ್ದ. ಶಾಲೆಯಲ್ಲಿ ಭೂಗೋಳ, ಇತಿಹಾಸ ಹೇಳಿಕೊಡುವ ದುನ್ಯಾ ಎಂಬತ್ತೆಂಟರ ವೆಲಿಜಾರನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಮೇಲಕ್ಕೆ ಕರೆತಂದಿದ್ದಳು. ಹಿಂದೆಯೇ ಅರ್ಧ ಊರು.

"ಇದೇ ಮರಾನಾ ತಾತ?"

"ಇದೇ ಕಣಮ್ಮ. ಶಿಲುಬೆಗೆ ಮುತ್ತು ಕೊಡೋಕೆ ಒಂಚೂರು ತಲೆ ಬಗ್ಗಿಸಿದ್ರೆ ಸಾಕಿತ್ತು. ಸರಿಯಾಗಿ ಎದೆಮಟ್ಟ."

ಎದೆಮಟ್ಟದಲ್ಲಿ ಬರೀ ತೊಗಟೆ.

"ತಾತ ಕುಗ್ಗಿದಾರೆ, ಮರ ಬೆಳೆದಿದೆ," ಎಂದು ಗಣಿಯ ವಕೀಲ ನಕ್ಕ. "ಏಣಿ ಹಾಕಿ ನೋಡ್ರಪ್ಪ, ಮೋಡದಲ್ಲಿರಬಹುದು."

ಊರವರು ನಿಜಕ್ಕೂ ಏಣಿ ತಂದು ಹತ್ತಿದರು. ಅಲ್ಲೂ ಏನಿರಲಿಲ್ಲ.

"ಟೀಚರ್, ಗುರುತು ಸಿಗ್ಲಿಲ್ಲ ಅಂದ್ರೆ ಗೂಟ ಇರೋ ಕಡೇನೇ ಗಡಿ ಅಂತ ಬರೀಬೇಕಾಗುತ್ತೆ," ಎಂದ ಸ್ರೆಟೆನ್.

ದುನ್ಯಾ ಕಾಂಡವನ್ನು ಮೇಲಿಂದ ಕೆಳಗೆ ನೋಡಿದಳು. ಮರ ಬೆಳೆಯುವುದು ತುದಿಯಲ್ಲಿ; ಕಾಂಡದ ಗಾಯ ಇದ್ದಲ್ಲೇ ಇರುತ್ತದೆ. ಹಾಗಾದರೆ ಎಲ್ಲಿ? ಅವಳು ಮರವನ್ನು ಸುತ್ತಿದಳು. ಇಳಿಜಾರಿನ ಕೆಳಬದಿಯಲ್ಲಿ ಬೇರುಗಳು ಬೆರಳಂತೆ ಹರಡಿದ್ದವು. ಮೇಲ್ಬದಿಯಲ್ಲಿ ಕಾಂಡ ನೆಟ್ಟ ಕಂಬದ ಹಾಗೆ ನೇರ ಮಣ್ಣಿಗಿಳಿದಿತ್ತು.

"ಗುಡ್ಡ ಜಾರ್ತಾ ಇದೆ," ಎಂದಳು ಮೆಲ್ಲಗೆ. ಪ್ರತಿ ವರ್ಷ ಮಕ್ಕಳಿಗೆ ಬರೆಸುವ ಪಾಠ. ಆಮೇಲೆ ಜೋರಾಗಿ ಕೂಗಿದಳು: "ಮರ ಮೇಲೆ ಹೋಗಿಲ್ಲ, ಮಣ್ಣು ಜಾರಿ ಬುಡದ ಮೇಲೆ ಬಂದಿದೆ! ಸನಿಕೆ ಕೊಡ್ರೋ!"

"ಏಣಿ ಆಯ್ತು, ಈಗ ಬಾವಿ," ಎಂದ ವಕೀಲ.

ಅವಳು ಮೇಲ್ಬದಿಯಲ್ಲಿ ತಾನೇ ಅಗೆದಳು. ಒಂದು ಮೊಳ. ಇನ್ನೊಂದು ಮೊಳ. ಸನಿಕೆ ಬಿಸಾಡಿ ಕೈಯಿಂದ ಕೆರೆದಳು. ತೊಗಟೆಯ ಮೇಲೊಂದು ಉಬ್ಬು ಸಿಕ್ಕಿತು. ಹಳೆಯ ಗಾಯದ ಮೇಲೆ ತೊಗಟೆ ಬೆಳೆದು, ಬಿಗಿಯಾಗಿ ಮುಚ್ಚಿದ ತುಟಿಗಳಂತಿತ್ತು.

ಸ್ರೆಟೆನ್ ಗುಂಡಿಗಿಳಿದು ಕೈಬೈರಿಗೆಯನ್ನು ಆ ಉಬ್ಬಿನ ನಡುವೆ ಒತ್ತಿ ತಿರುಗಿಸಿದ. ಬಿಳಿ ಮರದ ಪುಡಿ ಉದುರಿತು. ಮತ್ತೆ ಬಿಳಿ ಪುಡಿ. ಥಟ್ಟನೆ ಬೈರಿಗೆ ಮೆತ್ತಗೆ ಒಳಗಿಳಿಯಿತು. ತುದಿಗೆ ಹಳದಿಯಾದದ್ದೇನೋ ಅಂಟಿಕೊಂಡು ಬಂತು. ಬೆರಳಲ್ಲಿ ಉಜ್ಜಿ ಮೂಸಿದ. ಬೆರಳನ್ನು ವಕೀಲನ ಮೂಗಿಗೆ ಹಿಡಿದ.

"ಮೇಣ," ಎಂದ ವಕೀಲ, ಬೇರೆ ದಾರಿಯಿಲ್ಲದೆ.

"ಧೂಪಾನೂ ಇದೆ," ಎಂದ ಸ್ರೆಟೆನ್. "ಗಡಿ ಈ ಮರ. ಚಿಲುಮೆ ಊರಿಂದು."

ಗುಡ್ಡವೇ ಕಿರುಚಿತು. ಯಾರೋ ದುನ್ಯಾಳನ್ನು ಗುಂಡಿಯಿಂದ ಎತ್ತಿ ಹೆಗಲಿಗೇರಿಸಿಕೊಂಡರು. ಯಾರೋ ಓಡಿಹೋಗಿ ಗೂಟ ಕಿತ್ತರು.

"ವಕೀಲ್ರೇ, ಎಲ್ಲಿಗೆ ಓಟ?" ಎಂದ ವೆಲಿಜಾರ್. "ಪ್ಲಮ್ ಸಾರಾಯಿ ತಂದಿದೀನಿ. ನಮ್ ನೀರು ಬೆರೆಸ್ಕೊಂಡು ಕುಡೀರಿ, ಪುಕ್ಕಟೆ!"

ಬಳಿಕ ಮುದುಕ ಟೋಪಿ ತೆಗೆದ. ಒಡಕು ದನಿಯಲ್ಲಿ ಹರಕೆಯ ಹಾಡೆತ್ತಿದ. ಹಾಡು ಗೊತ್ತಿದ್ದವರು ದನಿಗೂಡಿಸಿದರು, ಗೊತ್ತಿಲ್ಲದವರೂ ಬಿಡಲಿಲ್ಲ. ಜನ ಮರವನ್ನು ಮೂರು ಸಲ ಸುತ್ತಿದರು. ಅಲ್ಲಿಗೂ ನಿಲ್ಲಲಿಲ್ಲ. ಮಣ್ಣುಗೈಯ ದುನ್ಯಾಳನ್ನು ಮುಂದೆ ಬಿಟ್ಟುಕೊಂಡು, ಐವತ್ತು ವರ್ಷ ಯಾರೂ ತುಳಿಯದ ಗಡಿಯ ದಾರಿ ಹಿಡಿದರು.