ಸಾವ್ಕಾರ್ರು, ಡ್ರೈವರ್ರು ಮತ್ತು ಸಿಸ್ಟರ್

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಪಾತ್ರೆ-ಭಾಂಡೆ ಅಂಗಡಿ ಇಟ್ಟಿದ್ದ ಮಡಿವಾಳೆಪ್ಪ ಕದ್ದು ಸಿಗರೇಟು ಸೇದುವುದರಲ್ಲಿ ಪಳಗಿದವನು. ಸೇದಿದ ಮೇಲೆ ಬಾಯಿಗೆ ಏಲಕ್ಕಿ, ಅಂಗಿಗೆ ಅತ್ತರು. ಹೆಂಡತಿಗೂ ಗೊತ್ತಿಲ್ಲವೆಂದೇ ಅವನ ನಂಬಿಕೆ. ಮಗ ಮಧುವಿಗೆ ಉಬ್ಬಸ ಜೋರಾಗಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಸೇರಿಸಿದಾಗಲೂ ಜೇಬಿನಲ್ಲಿ ಪಾಕೀಟು ಇದ್ದೇ ಇತ್ತು.

ಮರುದಿನ ಬೆಳಿಗ್ಗೆ ನರ್ಸ್ ಸಂಘಮಿತ್ರಾ ಅವನನ್ನು ವರಾಂಡದ ಮೂಲೆಗೆ ಕರೆದಳು. ಸಿಕ್ಕಿಬಿದ್ದೆನೆಂದುಕೊಂಡ ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಸಾವ್ಕಾರ್ರ, ನಿಮ್ಮಿಂದ ಒಂದ ಕೆಲಸ ಆಗಬೇಕಾಗೇತಿ," ಎಂದಳು ದನಿ ತಗ್ಗಿಸಿ. "ಬಾಜೂ ಮಂಚದಾಗ ರೇಣು ಅದಾಳಲ್ರಿ, ಆಕಿ ಅಪ್ಪ ಭೀಮಶಿ. ರಾಮದುರ್ಗದ ಬಸ್ ಡ್ರೈವರ್. ಬಾಳ ಬೀಡಿ ಸೇದತಾರ. ಹೊರಗ ಸೇದಿ ಬಂದ್ರೂ ಅಂಗ್ಯಾಗ, ಉಸರಿನ್ಯಾಗ ಹೊಗಿ ಉಳದಿರತೈತ್ರಿ. ಎತ್ಕೊಂಡ್ರ ಕೂಸಿಗೆ ತ್ರಾಸು. ನಾ ಹೇಳಿದ್ರ ಹೂಂ ಅಂತಾರ, ಬಿಡೂದಿಲ್ಲ. ನಿಮ್ಮಂಥಾವ್ರು ಜೋಡಿ ಇದ್ರ ಬಿಟ್ಟಾರು. ಅವರೊಬ್ಬರ್ನ ಹೊರಗ ಹೋಗಾಕ ಬಿಡಬ್ಯಾಡ್ರಿ. ನಾ ಹೇಳೇನಿ ಅಂತ ಮಾತ್ರ ಗೊತ್ತಾಗಬಾರದು."

"ಅದಕ್ಕೇನ್ರಿ ಸಿಸ್ಟರ್, ನಾ ಅದೀನಲ್ಲ!" ಎಂದ ಮಡಿವಾಳೆಪ್ಪ ಬಾಯೊಳಗಿನ ಏಲಕ್ಕಿಯನ್ನು ಇನ್ನೊಂದು ದವಡೆಗೆ ದೂಡುತ್ತ.

ಅಂದಿನಿಂದ ಭೀಮಶಿ ಎದ್ದರೆ ಇವನೂ ಎದ್ದ. ಭೀಮಶಿ ಚಹಾಕ್ಕೆ ಹೊರಟರೆ ಇವನಿಗೂ ಚಹಾ ಬೇಕಾಯಿತು. ವಿಚಿತ್ರವೆಂದರೆ ಭೀಮಶಿಗೆ ಇದರಿಂದ ಕಿಂಚಿತ್ತೂ ಬೇಸರವಿಲ್ಲ. ಇವನು ಚಪ್ಪಲಿ ಮೆಟ್ಟುವಷ್ಟರಲ್ಲಿ "ಎಲ್ಲಿಗ್ರಿ ಸಾವ್ಕಾರ್ರ? ತಡೀರಿ, ನಾನೂ ಬರತೇನಿ" ಎಂದು ಬೆನ್ನಿಗೆ ಬರುತ್ತಿದ್ದ. ಎಂಥ ಸ್ನೇಹಜೀವಿ ಎಂದುಕೊಂಡ ಮಡಿವಾಳೆಪ್ಪ. ಆದರೆ ಈ ಸ್ನೇಹದಲ್ಲಿ ತನಗೂ ಒಂದು ದಮ್ಮಿಗೆ ಪುರಸೊತ್ತಿಲ್ಲದೆ ತಲೆ ಸಿಡಿಯತೊಡಗಿತು. ಗೋಡೆಯ ಟ್ಯೂಬ್‌ಲೈಟೂ ಉದ್ದನೆಯ ಸಿಗರೇಟಿನಂತೆ ಕಂಡಿತು.

ಇನ್ನು ತಾಳಲಾರೆನೆನಿಸಿದ ಒಂದು ಮಧ್ಯಾಹ್ನ, ಭೀಮಶಿ ರೇಣುವಿಗೆ ಗಂಜಿ ಕುಡಿಸುವುದನ್ನು ನೋಡಿ ಮಡಿವಾಳೆಪ್ಪ ಮೆಲ್ಲಗೆ ಜಾರಿದ. ಆಸ್ಪತ್ರೆಯ ಹಿಂದಿನ ನೀರಿನ ಟಾಕಿಯ ಮರೆಗೆ ಹೋಗಿ, ಸಿಗರೇಟು ತುಟಿಗಿಟ್ಟು ಕಡ್ಡಿ ಗೀರಬೇಕು, ಅಷ್ಟರಲ್ಲಿ ಗಂಜಿ ಬಟ್ಟಲು ಬಿಟ್ಟು ಟಾಕಿಯ ಆ ಬದಿಯಿಂದ ಬಂದವನೇ ಭೀಮಶಿ. ಅವನ ತುಟಿಯಲ್ಲೂ ಹಚ್ಚದ ಬೀಡಿ.

"ಏನ್ರಿ ಇದು! ನಿಮ್ಮನ್ನ ಕಾಯಾಕಂತ ಸಿಸ್ಟರ್ ನನಗ ಹೇಳ್ಯಾರ!" ಎಂದು ಗದರಿದ ಮಡಿವಾಳೆಪ್ಪ.

"ನಿಮಗ? ನಿಮ್ಮನ್ನ ಕಾಯಾಕ ನನಗ ಹೇಳ್ಯಾರ್ರಿ! ಸಾವ್ಕಾರ್ರು ಅತ್ತರ ಹೊಡಕೊಂಡು ಸೇದತಾರ, ಇಡೀ ವಾರ್ಡಿಗೆ ಗೊತ್ತೈತಿ ಅಂದ್ರು!"

ಮಡಿವಾಳೆಪ್ಪನ ಕಿವಿ ಕೆಂಪಾದವು. ಇಬ್ಬರೂ ದುಮುಗುಡುತ್ತ ವಾರ್ಡಿಗೆ ನುಗ್ಗಿದರು. ಸಂಘಮಿತ್ರಾ ಮಧುವಿನ ಮುಖಕ್ಕೆ ಔಷಧದ ಹಬೆಯ ಮಾಸ್ಕ್ ಹಿಡಿದಿದ್ದಳು.

"ಸಿಸ್ಟರ್, ಇದು ಮೋಸ!" ಎಂದ ಭೀಮಶಿ.

"ಸೇದೀರೇನು?"

"ಇಲ್ರಿ. ಹಚ್ಚೂದ್ರಾಗ..."

"ಹಂಗಾರ ಇಬ್ಬರೂ ಕಾವಲಾ ಚಲೋ ಕಾದೀರಿ ಬಿಡ್ರಿ." ಅವಳ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಮಧು ಮಾಸ್ಕ್ ಸರಿಸಿ ಕೈ ಚಾಚಿದ. ಮಡಿವಾಳೆಪ್ಪ ಎತ್ತಿಕೊಂಡ. ಇಷ್ಟು ದಿನ ಹೊಗೆಯ ವಾಸನೆಗೆ ಮುಖ ಹೊರಳಿಸುತ್ತಿದ್ದ ಹುಡುಗ ಇವತ್ತು ಅಪ್ಪನ ಕುತ್ತಿಗೆಗೆ ಮೂಗು ಒತ್ತಿ ಹಾಗೆಯೇ ಮಲಗಿದ. ಮಡಿವಾಳೆಪ್ಪ ಜಗಳ ಬಿಟ್ಟ. ಒಂದೇ ಕೈಯಿಂದ ಪಾಕೀಟು ತೆಗೆದು ಕಸದ ಬುಟ್ಟಿಗೆ ಹಾಕಿದ. ಭೀಮಶಿ ಬೀಡಿಕಟ್ಟು ಹಾಕುವ ಮುನ್ನ ಒಮ್ಮೆ ಮೂಸಿ ನೋಡಿದ. ಸಂಘಮಿತ್ರಾ ಡಾಕ್ಟರಿಂದ ಇಬ್ಬರಿಗೂ ಚಟ ಬಿಡಿಸುವ, ಜಗಿಯುವ ಗಮ್ ಬರೆಸಿಕೊಟ್ಟಳು.

ಮಕ್ಕಳು ಮನೆಗೆ ಹೋದ ಮೇಲೂ ಕಾವಲು ನಿಲ್ಲಲಿಲ್ಲ. ರಾಮದುರ್ಗದ ಬಸ್ಸು ಬಂದು ನಿಂತಾಗೆಲ್ಲ ಭೀಮಶಿ ಇಳಿದು ಅಂಗಡಿಗೆ ಬರುತ್ತಿದ್ದ. ಗಿರಾಕಿಗಳ ಮುಂದೆಯೇ "ಊದ್ರಿ ಸಾವ್ಕಾರ್ರ" ಎನ್ನುತ್ತಿದ್ದ. ಒಮ್ಮೆ ಮುರಗೋಡದ ಮದುವೆಯೊಂದರಿಂದ ಬಂದ ಮಡಿವಾಳೆಪ್ಪ ಊದಲು ಒಪ್ಪಲಿಲ್ಲ. ಭೀಮಶಿ ತಲೆ ಕೆರೆದುಕೊಂಡ.

"ಖರೇ ಹೇಳಬೇಕಂದ್ರ, ನಿನ್ನಿ ನಾನೂ ಒಂದ ಸೇದೇನ್ರಿ."

ಇಬ್ಬರೂ ತಪ್ಪೊಪ್ಪಿಕೊಳ್ಳಲು ಆಸ್ಪತ್ರೆಗೆ ಹೋದರು. ಅವರು ಸೇದಿದ್ದು ಅದೇ ಕೊನೆ. ಆದರೆ ಆ ದಿನ ವಾರ್ಡಿನ ಬಾಗಿಲಲ್ಲಿ ಇಬ್ಬರ ಕಾಲೂ ಮುಂದೆ ಹೋಗಲಿಲ್ಲ.

"ನೀವ ಮುಂದ ನಡೀರಿ, ಹಿರ್ಯಾರು," ಎಂದ ಭೀಮಶಿ.

"ಡ್ರೈವರ್ ನೀವಲ್ರಿ? ಮುಂದ ಕುಂದ್ರಾವ್ರು ನೀವ!" ಎಂದು ಮಡಿವಾಳೆಪ್ಪ ಅವನನ್ನು ಒಳಗೆ ತಳ್ಳಿದ.