ಪೊಟ್ಟಣದ ಮೇಲಿನ ಅಜ್ಜಿ

ಪುಷ್ಪಾವತಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಅವಳ ಸೆರಗಿನಿಂದ. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಅಕ್ಕಪಕ್ಕದವರು ಮಾತು ಕಡಿಮೆ ಮಾಡುತ್ತಾರೆ. ಆ ಸೋಮವಾರ ಮಧ್ಯಾಹ್ನ ಅವಳು ಸೆರಗು ಸಿಕ್ಕಿಸಿದ್ದು ಮಾತ್ರ ಮಾರುಕಟ್ಟೆಯಲ್ಲಲ್ಲ, ಮಣಿಪಾಲದ ಒಂದು ಏಸಿ ಕೆಫೆಯಲ್ಲಿ.

ಕಾರಣ, ಒಂದು ಚಹಾ ಪೊಟ್ಟಣ. ಮಗಳು ಮಾನಸ ಹಿಂದಿನ ಸಂಜೆ ಆ ಕೆಫೆಯಿಂದ ಅದನ್ನು ತಂದು ಮೇಜಿನ ಮೇಲಿಟ್ಟಿದ್ದಳು. ಪೊಟ್ಟಣದ ಮೇಲಿನ ಫೋಟೋದಲ್ಲಿ ಅವರಿಬ್ಬರಿಗೂ ಬೇಕಾದ, ಚೀನಾದ ಲಿಯು ಅಜ್ಜಿ ನಗುತ್ತಿದ್ದರು. ಕೆಳಗೆ ಬಂಗಾರದ ಬಣ್ಣದ ಅಕ್ಷರದಲ್ಲಿ, ಚೀನಾದ ಲುಶಾನ್ ಬೆಟ್ಟದ ಮೋಡ-ಮಂಜಿನ ಚಹಾ, ಕನ್ಯೆಯರು ತುಟಿಯಿಂದ ಕಿತ್ತ ರಾಜರ ಗುಟ್ಟು ಎಂದು ಬರೆದಿತ್ತು.

ಲಿಯು ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ. ತುಟಿಯಿಂದ ಎಲೆ ಕೀಳುವುದಿರಲಿ, ಎದುರಿನ ಎರಡು ಹಲ್ಲೇ ಇಲ್ಲ.

ಮಾನಸ ವೈದ್ಯಕೀಯ ಓದಿದ್ದು ಲುಶಾನ್ ಬೆಟ್ಟದ ಕೆಳಗಿನ ಪಟ್ಟಣದಲ್ಲಿ. ಕೊರೋನಾ ಶುರುವಾದ ವರ್ಷ ರಜೆಗೆಂದು ಬೆಟ್ಟ ಹತ್ತಿದ್ದಾಗ ದಾರಿಗಳೆಲ್ಲ ಮುಚ್ಚಿದವು. ಗುರುತು ಪರಿಚಯವಿಲ್ಲದ ಹುಡುಗಿಯನ್ನು ಮೂರು ವಾರ ಮನೆಯೊಳಗಿಟ್ಟು ಗಂಜಿ ಬಡಿಸಿದವರು ಈ ಅಜ್ಜಿ. ಆಗ ಶುರುವಾದ ವಿಡಿಯೋ ಕರೆ ಇವತ್ತಿಗೂ ನಿಂತಿಲ್ಲ. ಸೋಮವಾರ ಮೀನಿನ ವ್ಯಾಪಾರ ಕಡಿಮೆ, ಹಾಗಾಗಿ ಅವತ್ತೇ ಕರೆ. ಪುಷ್ಪಾವತಿ ಬಂಗುಡೆ ಮೀನು ಎತ್ತಿ ತೋರಿಸುತ್ತಾಳೆ, ಅವರು ಚಹಾದ ಚಿಗುರು ಎತ್ತಿ ತೋರಿಸುತ್ತಾರೆ. ಭಾಷೆಗೆ ಮಧ್ಯೆ ಮಾನಸ ಇದ್ದಾಳೆ. ಒಮ್ಮೆ ಅಜ್ಜಿ ತಮ್ಮ ಅಂಗೈ ತೋರಿಸಿದ್ದರು. ಬೆಳಗಿನ ಮಂಜಿನಲ್ಲಿ ಒಂದು ಕುಡಿ, ಒಂದು ಎಲೆ ಎಂದು ಆರಿಸಿ ಕಿತ್ತು, ಕಾದ ಬಾಣಲೆಯಲ್ಲಿ ಬರಿಗೈಯಲ್ಲೇ ಮಗುಚಿ ಮಗುಚಿ ಬೆರಳ ತುದಿ ಸುಟ್ಟು ಗಟ್ಟಿಯಾಗಿತ್ತು. ಅವರ ಅಮ್ಮನ ಕೈಯೂ ಹಾಗೇ ಇತ್ತಂತೆ, ಆ ಅಮ್ಮನ ಅಮ್ಮನದ್ದೂ. ಪುಷ್ಪಾವತಿ ಮಂಜುಗಡ್ಡೆ, ಉಪ್ಪು ತಿಂದ ತನ್ನ ಕೈ ತೋರಿಸಿದಳು.

ಆ ಕೈಯ ಚಹಾ ಎಂದು ಈ ಕೆಫೆಯವನು ಎಂತದನ್ನೋ ಮಾರುವುದೇ?

ಕೆಫೆಯ ಯಜಮಾನ ಪ್ರಖ್ಯಾತ್ ಮೂವತ್ತರ ಹುಡುಗ, ಮಾತು ಬೆಣ್ಣೆ.

"ಫೋಟೋ ನೆಟ್‌ನಲ್ಲಿ ಸಿಕ್ಕಿತು ಅಮ್ಮ. ನೆಟ್‌ನಲ್ಲಿ ಇರುವುದು ಎಲ್ಲರದ್ದೂ ಅಲ್ವಾ?"

"ಅದು ನಾನೇ ತೆಗೆದು ನೆಟ್‌ಗೆ ಹಾಕಿದ ಫೋಟೋ," ಎಂದಳು ಮಾನಸ.

"ಫೋಟೋದ ವಿಷಯ ಆಮೇಲೆ," ಎಂದಳು ಪುಷ್ಪಾವತಿ. "ಮೊದಲು ಕಿವಿರು ಎತ್ತಿ ತೋರಿಸು."

ಪ್ರಖ್ಯಾತ್‌ಗೆ ಅರ್ಥವಾಗಲಿಲ್ಲ.

"ನಮ್ಮಲ್ಲಿ ಗಿರಾಕಿ ಕೇಳಿದರೆ ಮೀನಿನ ಕಿವಿರು ಎತ್ತಿ ತೋರಿಸಬೇಕು. ಕೆಂಪು ಉಂಟಾ, ಇವತ್ತಿನ ಮೀನು. ಕಪ್ಪಾಗಿದೆಯಾ, ಹಳತು. ತೋರಿಸುವುದಿಲ್ಲ ಅಂದವನ ಬುಟ್ಟಿಗೆ ಯಾರೂ ಕೈ ಹಾಕುವುದಿಲ್ಲ. ನಿನ್ನ ಎಲೆಯನ್ನು ನೀರಿಗೆ ಹಾಕು. ನಾನು ನೋಡಬೇಕು."

ಪಕ್ಕದ ಮೇಜಿನ ಕಾಲೇಜು ಹುಡುಗಿಯರು ಇತ್ತಲೇ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವನು ಎರಡು ಗಾಜಿನ ಲೋಟ ತರಿಸಿದ. ಒಂದಕ್ಕೆ ಅವನ ಪೊಟ್ಟಣದ್ದು. ಇನ್ನೊಂದಕ್ಕೆ ಪುಷ್ಪಾವತಿ ತನ್ನ ಚೀಲದಿಂದ ಡಬ್ಬಿ ತೆಗೆದು, ಅಜ್ಜಿ ಈ ವರ್ಷ ಕಳುಹಿಸಿದ್ದರಲ್ಲಿ ಒಂದು ಚಿಟಿಕೆ ಹಾಕಿದಳು. ಕುದಿದ ನೀರನ್ನು ಸ್ವಲ್ಪ ಆರಲು ಬಿಟ್ಟು ಮಾನಸ ಎರಡಕ್ಕೂ ಹೊಯ್ದಳು.

ಅಜ್ಜಿಯ ಎಲೆಗಳು ನಿಧಾನಕ್ಕೆ ಬಿಚ್ಚಿಕೊಂಡವು. ಒಂದು ಕುಡಿ, ಒಂದು ಎಲೆ, ಈಗಷ್ಟೇ ಕಿತ್ತ ಹಾಗೆ. ಇವನ ಲೋಟದಲ್ಲಿ ತೇಲಿದ್ದು ಕಂದು ಚೂರು, ಕಡ್ಡಿ, ಹುಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪುಷ್ಪಾವತಿ ಎರಡು ಬೆರಳಲ್ಲಿ ಒಂದು ಕಡ್ಡಿ ಎತ್ತಿ ಅವನ ಮುಖದೆದುರು ಹಿಡಿದಳು.

"ಇದು ಯಾವ ಕನ್ಯೆ ಕಿತ್ತದ್ದು ಮಾರಾಯ?"

ಹುಡುಗಿಯರು ಕಿಸಕ್ಕನೆ ನಕ್ಕರು. ಪ್ರಖ್ಯಾತ್ ದನಿ ತಗ್ಗಿಸಿದ. "ಸಗಟು ಅಂಗಡಿಯದ್ದು. ಇದೊಂದು ಲಾಟ್ ಮುಗಿಯಲಿ ಅಮ್ಮ, ಆಮೇಲೆ ಲೇಬಲ್ ಬದಲಿಸುತ್ತೇನೆ. ಹೇಗೂ ಆ ಚೀನಾದ ಅಜ್ಜಿ ಇಲ್ಲಿಗೆ ಬಂದು ಕೇಳ್ತಾರಾ?"

"ಅವರು ಬರ್ಲಿಕ್ಕಿಲ್ಲ. ಅದಕ್ಕೇ ನಾನು ಬಂದದ್ದು."

ಅವಳು ಮೇಜಿನ ಮೇಲಿದ್ದ ಪೊಟ್ಟಣವನ್ನು ಕೈಗೆತ್ತಿಕೊಂಡು ಲೇಬಲ್ಲಿನ ಅಂಚಿಗೆ ಉಗುರು ತಾಗಿಸಿದಳು. ಅಷ್ಟರಲ್ಲಿ ಮಾನಸಳ ಫೋನು ಹೊಡೆದುಕೊಂಡಿತು. ಸೋಮವಾರ ಎನ್ನುವುದು ಇಬ್ಬರಿಗೂ ಮರೆತೇ ಹೋಗಿತ್ತು. ಮಾನಸ ಅಭ್ಯಾಸಬಲದಿಂದ ಒತ್ತಿದಳು. ಪರದೆಯಲ್ಲಿ ಲಿಯು ಅಜ್ಜಿ.

ಪೊಟ್ಟಣವನ್ನು ಬಚ್ಚಿಡಲು ಆಗಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು, ತಮ್ಮ ಮುಖವನ್ನು ಗುರುತಿಸಿದರು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಎದ್ದು ಹೋಗಿ ಪಕ್ಕದ ಮನೆಯ ಇಬ್ಬರನ್ನು ಕರೆತಂದು ಪರದೆಯ ಎದುರು ನಿಲ್ಲಿಸಿದರು. ಎಲ್ಲರೂ ಒಟ್ಟಿಗೇ ಮಾತಾಡಿದರು.

"ಎಂತ ಹೇಳ್ತಾರೆ?" ಎಂದಳು ಪುಷ್ಪಾವತಿ.

ಮಾನಸ ಫೋನನ್ನು ಅಮ್ಮನ ಕಡೆ ಸರಿಸಿದಳು. "ಅವರ ಚಹಾ ನಮ್ಮ ಊರಿನ ಅಂಗಡಿಗೆ ಬಂದಿದೆ ಅಂತ ತಿಳಿದಿದ್ದಾರೆ ಅಮ್ಮ. ಅಲ್ಲಿಯ ಜನರಿಗೆ ರುಚಿ ಹಿಡಿಸಿತಾ ಅಂತ ಕೇಳ್ತಿದ್ದಾರೆ. ಅವರ ಅಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರು ಅಂತ."

ಪುಷ್ಪಾವತಿ ಪರದೆಯ ಮುಖವನ್ನು ನೋಡಿದಳು, ಪೊಟ್ಟಣದ ಮುಖವನ್ನು ನೋಡಿದಳು.

"ಹೇಳು," ಎಂದಳು. "ಎಲ್ಲರಿಗೂ ತುಂಬಾ ಹಿಡಿಸಿದೆ ಅಂತ ಹೇಳು."

ಮಾನಸ ಹೇಳಿದಳು. ಅಜ್ಜಿ ಕೈಮುಗಿದರು. ಪುಷ್ಪಾವತಿಯೂ ಕೈಮುಗಿದಳು. ಕರೆ ಮುಗಿಯಿತು.

ಪುಷ್ಪಾವತಿ ಪ್ರಖ್ಯಾತ್‌ನ ಕಡೆ ತಿರುಗಿದಾಗ ಅವಳ ದನಿ ಏರಲಿಲ್ಲ.

"ನಲವತ್ತು ವರ್ಷ ಮೀನು ಮಾರಿದ್ದೇನೆ. ನಿನ್ನೆಯ ಮೀನನ್ನು ಇವತ್ತಿನದು ಅಂತ ಒಂದು ದಿನವೂ ಹೇಳಿದವಳಲ್ಲ. ಅಂಥ ಸುಳ್ಳನ್ನು ಇವತ್ತು ನನ್ನ ಬಾಯಿಯಿಂದ ನೀನು ಹೇಳಿಸಿದೆ. ಅದೂ ಅವರ ಹತ್ತಿರ."

ಅವಳು ಕುರ್ಚಿ ಎಳೆದು ಕುಳಿತು, ಮೀನಿನ ಪೊರೆ ತೆಗೆದು ಪಳಗಿದ ಉಗುರಿನಿಂದ, ಅಜ್ಜಿಯ ಮುಖ ಹರಿಯದಂತೆ ಮೆಲ್ಲಗೆ, ಲೇಬಲ್ ಬಿಡಿಸತೊಡಗಿದಳು. ಕಪಾಟಿನ ತುಂಬ ಇದ್ದ ಪೊಟ್ಟಣಗಳ ಮೇಲೆ ಇನ್ನೂ ಅಜ್ಜಿ ನಗುತ್ತಿದ್ದರು.